ಹದಿನೇಳನೇ ನಂಬರಿನ ಹಾಲು

ಅರ್ಧ ಲೀಟರ್ ಹಾಲಿನ ಜಿಡ್ಡು ಅಳೆಯುವುದಕ್ಕೂ ಹತ್ತು ಲೀಟರ್ ಹಾಲಿನ ಜಿಡ್ಡು ಅಳೆಯುವುದಕ್ಕೂ ಹಿಡಿಯುವ ಹೊತ್ತು ಒಂದೇ. ನನ್ನ ತಪ್ಪು ಶುರುವಾದದ್ದು ಇಲ್ಲಿಂದಲೇ.

ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ, ಒಂದು ಮಗ್ಗುಲಿಗೆ ತೆಂಗಿನ ತೋಟ, ಇನ್ನೊಂದು ಮಗ್ಗುಲಿಗೆ ಕುರಿ ಮೇಯುವ ಗುಡ್ಡ ಇರುವ ಊರು ನಮ್ಮದು. ಅಲ್ಲಿನ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ನಾನು ಕಾರ್ಯದರ್ಶಿ. ಊರಿನವರ ಬಾಯಲ್ಲಿ ಸೆಕ್ರೆಟ್ರಮ್ಮ. ಬೆಳಿಗ್ಗೆ ಆರಕ್ಕೆ ಹೆಂಗಸರು ಕ್ಯಾನು, ಚೆಂಬು, ಉಗ್ಗ ಹಿಡಿದು ಸಾಲು ನಿಲ್ಲುತ್ತಿದ್ದರು. ಏಳೂಕಾಲಿಗೆ ಹಾಲಿನ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು. ಅಷ್ಟರೊಳಗೆ ಒಬ್ಬೊಬ್ಬರ ಹಾಲನ್ನೂ ಅಳೆದು, ಅದರಲ್ಲಿ ಒಂದಿಷ್ಟನ್ನು ಗಾಜಿನ ನಳಿಕೆಗೆ ಆಸಿಡ್ಡಿನ ಮೇಲೆ ಬಿಟ್ಟು, ಬಿರಡೆ ಒತ್ತಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಗರಗರ ಸುತ್ತಿಸಿ, ಮೇಲೆ ನಿಂತ ಹಳದಿ ಕೊಬ್ಬಿನ ಗೆರೆ ಓದಿ ಬರೆದುಕೊಳ್ಳಬೇಕು. ನನ್ನ ಹತ್ತಿರ ಇದ್ದದ್ದು ಎಂಟು ನಳಿಕೆ. ನಲವತ್ತು ಜನಕ್ಕೆ ಎಂಟು ನಳಿಕೆ ಅಂದರೆ ನನ್ನ ಕೈಯ ಸ್ಥಿತಿ ನೀವೇ ಊಹಿಸಿಕೊಳ್ಳಿ. ಆಸಿಡ್ಡು ಬಿದ್ದು ಬಿದ್ದು ಎರಡು ಬೆರಳಿನ ತುದಿ ಇವತ್ತಿಗೂ ನಯವಾಗಿದೆ.

ಹಾಗಾಗಿ ಒಂದು ಉಪಾಯ ಮಾಡಿದ್ದೆ. ಒಂದು ನಾಟಿ ಹಸು ಕಟ್ಟಿಕೊಂಡು ಅರ್ಧ, ಮುಕ್ಕಾಲು ಲೀಟರ್ ತರುವವರನ್ನು ಅಕ್ಕಪಕ್ಕದ ಮನೆಯವರ ಜೊತೆ ಸೇರಿಸಿಬಿಡುತ್ತಿದ್ದೆ. ಇಬ್ಬರು ಮೂವರ ಹಾಲು ಒಂದೇ ಚೆಂಬಿಗೆ, ಒಂದೇ ನಂಬರಿಗೆ. ನಂಬರು ಯಾರದೋ ಅವರೇ ಸದಸ್ಯೆ, ಉಳಿದವರು ಬರೀ ಹಾಲು ಸೇರಿಸುವವರು. ಬಂದದ್ದನ್ನು ಅವರವರೇ ಹಂಚಿಕೊಳ್ಳುತ್ತಿದ್ದರು. ಯಾರಿಗೂ ತಕರಾರಿರಲಿಲ್ಲ. ನಮ್ಮ ಕಡೆ ಮಜ್ಜಿಗೆ, ಬೆಂಕಿ, ಹೆಪ್ಪು ಎಲ್ಲವೂ ಗೋಡೆಯಾಚೆ ಹೋಗಿಬರುವ ವಸ್ತುಗಳೇ ಆದ್ದರಿಂದ ಹಾಲು ಸೇರಿಸುವುದೂ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಹದಿನೇಳನೇ ನಂಬರು ಕುರಿ ಸಾಕುವ ಮನೆಯ ಅಜ್ಜಿಯದು. ಆ ಚೆಂಬಿನಲ್ಲಿ ಮೂರು ಮನೆಯ ಹಾಲಿರುತ್ತಿತ್ತು. ಅದರಲ್ಲಿ ಒಂದು ಮನೆ, ಬಿಳಿಗೆರೆ ಕಡೆಯ ತೋಟಗಳಲ್ಲಿ ಕಾಯಿ ಸುಲಿಯಲು ಹೋಗುವವನದು. ಅವನ ಹೆಂಡತಿಯನ್ನು ಊರೆಲ್ಲ ಕಾಯಿ ಸುಲಿಯೋನ ಹೆಂಡ್ತಿ ಅಂತಲೇ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಈಗ ಹೇಳುವ ಸಂಗತಿಗೆ ಆರು ವರ್ಷ ಮುಂಚೆ, ಮೊದಲ ಸಲ ಡೈರಿಗೆ ಬಂದಾಗ ಅವಳು ನನಗೊಂದು ನಂಬರು ಕೊಡಿ ಎಂದು ಕೇಳಿದ್ದಳು. ಅರ್ಧ ಲೀಟರಿಗೆ ನಿನಗ್ಯಾಕೆ ಬೇರೆ ನಂಬರು ಅಂದಿದ್ದೆ. ಅಂದದ್ದು ನಾನೇ, ನಗುತ್ತಾ. ಅವಳೂ ನಕ್ಕು ಅಜ್ಜಿಯ ಚೆಂಬಿಗೆ ಹಾಲು ಸುರಿದಳು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿರಬೇಕು. ಒಂದು ಬೆಳಿಗ್ಗೆ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಒಂದು ಕಟ್ಟು ಅರ್ಜಿ ತಂದು ನನ್ನ ಮೇಜಿನ ಮೇಲೆ ಹಾಕಿದರು. ಸಹಕಾರ ಸಂಘದ ಸದಸ್ಯರಿಗೆ ಆರೋಗ್ಯ ವಿಮೆ. ಸದಸ್ಯರು ವರ್ಷಕ್ಕೊಂದಿಷ್ಟು ಕಟ್ಟಬೇಕು, ಮಿಕ್ಕದ್ದು ಸರ್ಕಾರದ ಸಹಾಯಧನ. ಜ್ವರ, ಕೆಮ್ಮು, ಮಾತ್ರೆಗೆ ಇಲ್ಲ. ಆಪರೇಷನ್ ಆದರೆ ಮಾತ್ರ, ಅದೂ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ. ಗಂಡ, ಹೆಂಡತಿ, ಮಕ್ಕಳು, ಸೊಸೆ ಎಲ್ಲರನ್ನೂ ಬರೆಸಬಹುದು. ಒಂದು ತಿಂಗಳೊಳಗೆ ಪಟ್ಟಿ ಮುಗಿಯಬೇಕು. ಸದಸ್ಯೆಯಾಗಿರಬೇಕು, ಸ್ವಂತ ನಂಬರಿಗೆ ಇಷ್ಟು ದಿನ ಹಾಲು ಹಾಕಿರಬೇಕು, ಅದೊಂದು ಕಡ್ಡಾಯ.

ಅಧಿಕಾರಿ ಹೋದ ಮೇಲೆ ನಾನು ಅಭ್ಯಾಸಕ್ಕೆಂದು ಒಂದು ಅರ್ಜಿ ನನ್ನ ಹೆಸರಿನಲ್ಲೇ ಪೆನ್ಸಿಲ್ಲಿನಲ್ಲಿ ತುಂಬಲು ಕೂತೆ. ಹೆಸರು ಬರೆದೆ. ಸದಸ್ಯತ್ವದ ನಂಬರು ಇರಲಿಲ್ಲ, ಹಸು ಇಲ್ಲದವಳು ಸದಸ್ಯೆಯಾಗುವಂತಿಲ್ಲ. ಕುಟುಂಬದವರ ವಿವರ ಅಂತ ಆರು ಸಾಲು ಖಾಲಿ ಬಿಟ್ಟಿದ್ದರು. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು; ಅದಕ್ಕೂ ಮುಂಚೆ ಬಿಟ್ಟುಹೋದ ಗಂಡನ ಹೆಸರನ್ನು ಬರೆಯುವ ಮಾತೇ ಇರಲಿಲ್ಲ. ಆ ಆರು ಸಾಲನ್ನು ನೋಡಿ, ರಬ್ಬರ್ ತೆಗೆದುಕೊಂಡು ಹೆಸರು ಅಳಿಸಿದೆ. ಅರ್ಜಿ ಹಾಳಾಗಬಾರದಲ್ಲ.

ಆ ತಿಂಗಳು ಡೈರಿಯ ಜಗಲಿ ವಿಧಾನಸೌಧದಂತೆ ಆಗಿತ್ತು. ಕಾಯಿಲೆ ಬರದೇ ಹೋದರೆ ಕಟ್ಟಿದ್ದು ವಾಪಸ್ಸು ಬರುತ್ತದೋ ಇಲ್ಲವೋ ಎನ್ನುವುದೇ ಮುಕ್ಕಾಲು ಜನರ ಪ್ರಶ್ನೆ. ಬರುವುದಿಲ್ಲ ಅಂದರೆ, ಹಾಗಾದರೆ ಕಾಯಿಲೆ ಬರಲಿ ಅಂತ ಕಾಯಬೇಕಾ ಎಂದು ಕೇಳುವರು. ಅಧ್ಯಕ್ಷೆಯ ಗಂಡ ದಿನವೂ ಬಂದು ಕೂರುತ್ತಿದ್ದರು. ಸಂಘಕ್ಕೆ ಅಧ್ಯಕ್ಷೆ ಹೆಂಡತಿಯಾದರೂ ಮಾತೆಲ್ಲ ಇವರದು, ಅದು ನಮ್ಮಲ್ಲಿ ಮಾಮೂಲು. ಇವರ ಲೆಕ್ಕದಲ್ಲಿ ಇದು ನ್ಯಾಯವಾದ ಯೋಜನೆ. ಹಾಲು ಹಾಕಿ, ಷೇರು ಕಟ್ಟಿ ಸಂಘ ಉಳಿಸಿದವರಿಗೆ ಸಿಗಬೇಕಾದ್ದೇ. ಊರಿಗೆಲ್ಲ ಕೊಡುತ್ತಾ ಹೋದರೆ ಯಾರೂ ಏನೂ ಕಟ್ಟುವುದಿಲ್ಲ. ಹದಿನೇಳರ ಅಜ್ಜಿ ಒಂದು ದಿನ ಅದನ್ನು ಕೇಳಿಸಿಕೊಂಡು, ಎಲೆ ಅಡಿಕೆ ಉಗಿದು ಬಂದು ಹೇಳಿದಳು:

"ಅಲ್ಲ ಕಣಪ್ಪ, ಹಸ ಇದ್ದೋರ ಹೊಟ್ಟೆಗ್ ಮಾತ್ರ ಗಡ್ಡೆ ಬತ್ತದೆ ಅಂತ ಯಾವನು ಹೇಳ್ದ ನಿಂಗೆ?"

ಎಲ್ಲರೂ ನಕ್ಕರು. ಗಡ್ಡೆ ಎನ್ನುವ ಮಾತನ್ನು ಅಜ್ಜಿ ಸುಮ್ಮನೆ ಆಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಮಾರನೆಯ ದಿನ.

ವ್ಯಾನು ಹೋದ ಮೇಲೆ ಕಾಯಿ ಸುಲಿಯುವವನ ಹೆಂಡತಿ ಹಿಂದುಳಿದಳು. ನಾನು ನಳಿಕೆ ತೊಳೆಯುತ್ತಿದ್ದೆ. ಅವಳೂ ಪಕ್ಕದಲ್ಲಿ ಕೂತು ಒಂದು ನಳಿಕೆ ತೆಗೆದುಕೊಂಡು ತೊಳೆಯತೊಡಗಿದಳು. ತೊಳೆಯುತ್ತಲೇ, ನನ್ನ ಮುಖ ನೋಡದೆ ಹೇಳಿದಳು. ಒಂದೂವರೆ ವರ್ಷದಿಂದ ಮುಟ್ಟು ನಿಲ್ಲುತ್ತಿಲ್ಲ. ತಿಂಗಳಲ್ಲಿ ಇಪ್ಪತ್ತು ದಿನ ರಕ್ತ. ಕೊಬ್ಬರಿ ಒಡೆಯಲು ಕೂತರೆ ಏಳಲಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಆಗಲೇಬೇಕು ಎಂದಿದ್ದಾರೆ. ದೊಡ್ಡಾಸ್ಪತ್ರೆಗೆ ಎರಡು ಸಲ ಹೋಗಿ, ರಕ್ತ ಕಡಿಮೆ ಇದೆ, ಏರಿಸಿಕೊಂಡು ಬಾ ಅಂತ ಕಳಿಸಿದ್ದಕ್ಕೆ ವಾಪಸ್ಸು ಬಂದಿದ್ದಾಳೆ. ಗಂಡನಿಗೆ ಅರ್ಧ ಹೇಳಿದ್ದಾಳೆ, ಅಜ್ಜಿಗೆ ಪೂರ್ತಿ.

ಕೊನೆಗೆ ಕೇಳಿದಳು, "ಆ ಪೇಪರ್ನಾಗೆ ನನ್ ಹೆಸ್ರು ಬತ್ತದಾ ಸೆಕ್ರೆಟ್ರಮ್ಮ?"

ನನ್ನ ಕೈಯ ನಳಿಕೆ ಜಾರಿ ಬಿದ್ದು ಒಡೆಯಿತು. ಎಂಟರಲ್ಲಿ ಏಳಾಯಿತು. ನೋಡಿ ಹೇಳುತ್ತೇನೆ ಅಂದೆ. ನೋಡುವುದೇನಿತ್ತು? ಆರು ವರ್ಷ ದಿನವೂ ಹಾಲು ಹಾಕಿದವಳ ಹೆಸರು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಇಲ್ಲದಂತೆ ಮಾಡಿದವಳು ನಾನೇ.

ಡಾಕ್ಟರನ್ನು ಕಾಣಲು ಅವಳ ಜೊತೆ ನಾನೂ ಹೋದೆ. ಮಧ್ಯವಯಸ್ಸಿನ, ಸಿಡುಕಿನ, ಆದರೆ ಒಳ್ಳೆಯ ಮನುಷ್ಯ. ಕೊಯ್ಯಲು ನನಗೆ ಬರುತ್ತದೆ, ಅರಿವಳಿಕೆ ಕೊಡುವವರಿಲ್ಲ ಎಂದರು. ವಿಮೆಯ ವಿಷಯ ಎತ್ತಿದ್ದೇ ತಡ, ಕುರ್ಚಿ ಹಿಂದಕ್ಕೆ ತಳ್ಳಿದರು. ಆ ಸಹಾಯಧನದಲ್ಲಿ ಇಂಥ ಆಸ್ಪತ್ರೆಗೆಲ್ಲ ಒಬ್ಬೊಬ್ಬ ಅರಿವಳಿಕೆ ವೈದ್ಯರನ್ನು ಕೊಟ್ಟಿದ್ದರೆ ಇವಳು ಯಾವ ಕಾರ್ಡೂ ತೋರಿಸಬೇಕಿರಲಿಲ್ಲ, ಸರ್ಕಾರ ತನ್ನ ಮನೆಯ ಒಲೆ ಹಚ್ಚದೆ ಹೋಟೆಲಿಗೆ ಚೀಟಿ ಬರೆದುಕೊಡುತ್ತಿದೆ ಎಂದರು. ಇನ್ನೂ ಒಂದು ಮಾತು ಹೇಳಿದರು. ಆಪರೇಷನ್ನಿಗೆ ಮಾತ್ರ ಕೊಡುತ್ತೇವೆ ಅಂದರೆ, ಮಾತ್ರೆಯಲ್ಲಿ ಹೋಗುವ ಕಾಯಿಲೆಗೂ ಕತ್ತರಿ ಹಾಕುವವರು ಹುಟ್ಟಿಕೊಳ್ಳುತ್ತಾರೆ, ಹೊಟ್ಟೆನೋವು ಎಂದ ಹೆಂಗಸರ ಗರ್ಭಕೋಶವೆಲ್ಲ ಹೋಗುತ್ತದೆ, ನೋಡುತ್ತಿರಿ.

ಇವಳಿಗೆ ಮಾತ್ರೆಯಲ್ಲಿ ಹೋಗುತ್ತದಾ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು.

"ನಾನು ಹೇಳಿದ್ದೆಲ್ಲ ಸರಿ ಅಮ್ಮ. ಆದರೆ ಅದು ಇವಳಿಗೆ ಉತ್ತರ ಆಗಲ್ಲ. ಆ ಕಾರ್ಡು ಸಿಗೋ ಹಾಗಿದ್ರೆ ಮಾಡಿಸಿ."

ಕಬ್ಬಿಣದ ಮಾತ್ರೆ, ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟರು. ಅವಳ ಕೆಳರೆಪ್ಪೆಯನ್ನು ಹೆಬ್ಬೆಟ್ಟಿನಿಂದ ಎಳೆದು ಒಳಗಿನ ಬಣ್ಣ ನನಗೆ ತೋರಿಸಿದರು. ಸುಲಿದ ಎಳನೀರಿನ ಗಂಜಿಯಷ್ಟು ಬಿಳಿ ಇತ್ತು. ವಾರಕ್ಕೊಮ್ಮೆ ಇದನ್ನು ನೋಡುತ್ತಿರಿ, ಪೂರ್ತಿ ಬೆಳ್ಳಗಾದರೆ ಕಾಯಬೇಡಿ, ಕರೆದುಕೊಂಡು ಬನ್ನಿ ಎಂದರು.

ಉಪಾಯವನ್ನು ಅಧ್ಯಕ್ಷೆಯ ಗಂಡನೇ ಹೇಳಿಕೊಟ್ಟರು. ನಾನು ಸುತ್ತುಬಳಸಿ ವಿಷಯ ತಿಳಿಸಿದಾಗ ಅವರು ಯೋಚಿಸಲೂ ಇಲ್ಲ. ಅಜ್ಜಿಯ ಅರ್ಜಿಯಲ್ಲಿ ಸೊಸೆ ಎಂದು ಅವಳನ್ನು ಬರೆದುಬಿಡಿ, ಮುಗಿಯಿತು. ಅಜ್ಜಿಯ ಸೊಸೆ ತವರಿಗೆ ಹೋಗಿ ಕೂತು ನಾಲ್ಕು ವರ್ಷವಾಗಿದೆ, ಹೆಸರಂತೂ ಪಡಿತರ ಚೀಟಿಯಲ್ಲಿದೆ. ಫೋಟೋ ಇವಳದು ಅಂಟಿಸಿ, ಹೆಸರು ಅವಳದು. ಯಾರು ಬಂದು ನೋಡುತ್ತಾರೆ? ಹಾಲು ಹಾಕದವರಿಗೆ ಕೊಡಬಾರದು ಎಂದು ಜಗಲಿಯ ಮೇಲೆ ವಾದ ಮಾಡಿದ ಮನುಷ್ಯ ಇವರೇ. ಕಣ್ಣೆದುರು ಒಬ್ಬಳು ನಿಂತರೆ ವಾದ ಬೇರೆಯಾಗುತ್ತದೆ. ಅವರನ್ನು ನಾನು ಇವತ್ತಿಗೂ ಕೆಟ್ಟವರು ಎನ್ನಲಾರೆ.

ಅಜ್ಜಿ ತಕ್ಷಣ ಒಪ್ಪಿದಳು. ನನ್ನ ಚೆಂಬಿಗೆ ಹಾಲು ಹಾಕಿದವಳು ಸೊಸೆಯಲ್ಲದೆ ಇನ್ನೇನು ಎಂದಳು. ನಾನೂ ಒಪ್ಪಿದೆ. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಹೆಚ್ಚು ಹಗುರವಾದದ್ದು ನನಗೇ. ಅವಳಿಗೆ ಆಪರೇಷನ್ ಆಗುತ್ತದೆ, ನನ್ನ ಜೋಡಿ ನಂಬರುಗಳ ಕಥೆ ಯಾರಿಗೂ ತಿಳಿಯುವುದಿಲ್ಲ. ಪುಣ್ಯವೂ ಬಂತು, ಕೆಲಸವೂ ಉಳಿಯಿತು. ಅರ್ಜಿ ತುಂಬಿ, ಅಂಟು ತಯಾರು ಮಾಡಿಟ್ಟು, ಫೋಟೋ ತರಲು ಅವಳಿಗೆ ಹೇಳಿಕಳಿಸಿದೆ.

ಅವಳು ಫೋಟೋ ತಂದಳು. ಕೊಡಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೇ ನಿಂತಿದ್ದಳು.

"ಅಲ್ಲಿ ಆ ಹೆಸ್ರು ಹಿಡ್ದು ಕರುದ್ರೆ ನಾನೇ ಅನ್ಬೇಕಾ?" ಎಂದು ಕೇಳಿದಳು.

ಹೌದು, ಒಂದು ವಾರ ಅಷ್ಟೇ ಎಂದೆ.

"ಹೆಚ್ಚುಕಮ್ಮಿ ಆದ್ರೆ?"

ಏನೂ ಆಗುವುದಿಲ್ಲ ಎಂದೆ. ಅವಳು ಮಾತ್ರ ಆ ಮಾತನ್ನು ಬಿಡಲಿಲ್ಲ.

"ಆದ್ರೆ? ಸತ್ರೆ ಅವ್ಳು ಸತ್ಲು ಅಂತ ಬರ್ಕತ್ತಾರೆ. ತವರ್ನಾಗೆ ಬದ್ಕಿರೋಳ್ನ ಸಾಯ್ಸಿದಂಗಾತು. ನಾನು ಎಲ್ಲೂ ಇಲ್ಲ, ಸತ್ತಿದ್ದೂ ಇಲ್ಲ. ಬ್ಯಾಡ ಬುಡಿ ಸೆಕ್ರೆಟ್ರಮ್ಮ. ಕುಯ್ಯೋದಾದ್ರೆ ನನ್ ಹೆಸ್ರಲ್ಲೇ ಕುಯ್ಲಿ."

ನನಗೆ ಸಿಟ್ಟು ಬಂತು. ಬದುಕುವುದು ಮುಖ್ಯವೋ ಹೆಸರು ಮುಖ್ಯವೋ ಎಂದು ಬೈದೆ. ಅವಳು ಖಾಲಿ ಉಗ್ಗ ಎತ್ತಿಕೊಂಡು ಹೊರಟುಹೋದಳು. ಅಂಟು ಬಟ್ಟಲಲ್ಲಿ ಒಣಗಿತು. ಆ ದಿನವೆಲ್ಲ ನಾನು ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ. ಅನ್ನ ಬಸಿದೆ, ಉಣ್ಣಲಿಲ್ಲ. ಸಂಜೆಯ ಹಾಲು ಮುಗಿದು ಮನೆಗೆ ಬಂದು ಒಬ್ಬಳೇ ಕೂತಾಗ, ಸಿಟ್ಟು ಯಾರ ಮೇಲಿನದು ಎನ್ನುವುದು ಮೆಲ್ಲಗೆ ಗೊತ್ತಾಯಿತು. ನಂಬರು ಕೊಡಿ ಎಂದು ಅವಳು ಕೇಳಿದ್ದಳು. ಅವಳು ಕೇಳಿದ್ದು ಇಷ್ಟನ್ನೇ, ಆಗಲೂ ಈಗಲೂ. ಇಂಥದ್ದನ್ನೆಲ್ಲ ಆಡಿಕೊಳ್ಳಲು ಮನೆಯಲ್ಲಿ ಒಂದು ಜೀವವಿರಬೇಕು. ನಾನು ಒಲೆಯ ಬೂದಿ ಕೆದಕುತ್ತಾ ನನಗೆ ನಾನೇ ಹೇಳಿಕೊಂಡೆ: ಸಭೆ ಕರೆ.

ಸರ್ವಸದಸ್ಯರ ಸಭೆ ಕರೆಯಲು ಅಧ್ಯಕ್ಷೆಯ ರುಜು ಬೇಕು. ವಿಮೆಯ ಬಗ್ಗೆ ತಿಳಿಸಲು ಎಂದು ಹೇಳಿ ಹಾಕಿಸಿಕೊಂಡೆ. ಅದೂ ಒಂದು ಅರ್ಧಸುಳ್ಳೇ. ವಿಸ್ತರಣಾಧಿಕಾರಿಗೂ ಬರಲು ಹೇಳಿದೆ. ಡೈರಿಯ ಮುಂದೆ ಚಾಪೆ ಹಾಸಿ ಹೆಂಗಸರು ಕೂತರು. ಸದಸ್ಯೆಯಲ್ಲದ ಕಾಯಿ ಸುಲಿಯುವವನ ಹೆಂಡತಿ ರಸ್ತೆಯಾಚೆ ತೆಂಗಿನ ಮರಕ್ಕೆ ಒರಗಿ ನಿಂತಿದ್ದಳು.

ನಾನು ಹೇಳಿದ್ದು ಬಹಳ ಕಡಿಮೆ. ನಮ್ಮ ಪುಸ್ತಕದಲ್ಲಿ ಹತ್ತು ನಂಬರುಗಳಲ್ಲಿ ಬೇರೆಯವರ ಹಾಲೂ ಇದೆ. ಹದಿನಾಲ್ಕು ಹೆಂಗಸರು ಹಾಲು ಹಾಕುತ್ತಿದ್ದರೂ ಸದಸ್ಯರಲ್ಲ. ಕೆಲಸ ಬೇಗ ಮುಗಿಯಲಿ ಎಂದು ಹೀಗೆ ಮಾಡಿದವಳು ನಾನು. ಅವರನ್ನೆಲ್ಲ ಸದಸ್ಯರಾಗಿ ಸೇರಿಸಿಕೊಳ್ಳಬೇಕು.

ಗಲಾಟೆ ಎದ್ದಿತು. ಜೋಡಿ ನಂಬರಿನವರಿಗೆ ಅವಮಾನವಾಗಿತ್ತು. ಹೆಚ್ಚು ಹಾಲು ಹಾಕಿದವರೆಂದು ವರ್ಷಕ್ಕೊಮ್ಮೆ ಕೊಡುವ ಸ್ಟೀಲ್ ಕೊಳಗ ಪಡೆದವರಲ್ಲಿ ಇಬ್ಬರು ಅವರೇ. ನಮ್ಮನ್ನು ಕಳ್ಳರನ್ನಾಗಿ ಮಾಡಿದಿರಿ ಎಂದು ಒಬ್ಬಳು ಎದ್ದುಹೋದಳು. ಅಧ್ಯಕ್ಷೆಯ ಗಂಡ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಬೇಸರವಿತ್ತು. ಅಷ್ಟು ಸುಲಭದ ದಾರಿ ತೋರಿಸಿದ್ದೆನಲ್ಲ ಎನ್ನುವಂತೆ. ಆಗ ಹದಿನೇಳರ ಅಜ್ಜಿ ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ನನ್ ಚೆಂಬ್ನಾಗೆ ಮೂರ್ ಮನೆ ಹಾಲು ಇತ್ತು ಕಣ್ರವ್ವ. ಎಲ್ಲ ನಂದೇ ಅಂತ ತಿರುಗ್ದೆ. ಕೊಳಗಾನೂ ಇಸ್ಕಂಡೆ. ನಾಳೆ ತಂದ್ ಮಡುಗ್ತೀನಿ. ಅವ್ಳ್ ಹೆಸ್ರು ಬರ್ಕಳಿ."

ಅಜ್ಜಿ ಕೂತಳು. ಇನ್ನು ಯಾರೂ ಜೋರಾಗಿ ಮಾತಾಡಲಿಲ್ಲ. ಹದಿನಾಲ್ಕು ಜನರನ್ನು ಸೇರಿಸಿಕೊಳ್ಳುವುದೆಂದು ಠರಾವಾಯಿತು.

ಅಷ್ಟಕ್ಕೆ ಗೆದ್ದೆ ಎಂದುಕೊಂಡಿದ್ದೆ. ಸಭೆ ಮುಗಿದ ಮೇಲೆ ಅಧಿಕಾರಿ ನನ್ನನ್ನು ಬದಿಗೆ ಕರೆದು ತಣ್ಣಗೆ ಹೇಳಿದರು. ಸದಸ್ಯರಾದದ್ದು ಇವತ್ತು. ಸ್ವಂತ ನಂಬರಿಗೆ ಹಾಲು ಹಾಕಿದ ದಿನಗಳು ಇವತ್ತಿನಿಂದ ಲೆಕ್ಕ. ಈ ವರ್ಷದ ಪಟ್ಟಿ ಇನ್ನು ಆರು ದಿನಕ್ಕೆ ಮುಗಿಯುತ್ತದೆ. ಇವರಿಗೆಲ್ಲ ಮುಂದಿನ ವರ್ಷದ ಪಟ್ಟಿಯೇ, ಅದು ತೆರೆಯಲು ಇನ್ನು ಎಂಟು ತಿಂಗಳಿದೆ.

ನಾನು ಕೈಮುಗಿದೆ. ಒಬ್ಬಳಿಗೆ ಮಾತ್ರ ನೋಡಿ ಸಾರ್ ಎಂದೆ. ಅವರು ಅರ್ಜಿಯ ಕಟ್ಟನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾ ನಿಂತರು.

"ಕಾಯಿಲೆ ಬಂದ ಮೇಲೆ ಸೇರಿಸ್ಕೊಳ್ತಾ ಹೋದ್ರೆ, ಆರೋಗ್ಯವಾಗಿರೋರು ಯಾರೂ ಕಟ್ಟಲ್ಲಮ್ಮ. ಕಟ್ಟದೇ ಹೋದ್ರೆ ಎರಡೇ ವರ್ಷಕ್ಕೆ ಯೋಜನೆ ಬಿದ್ದುಹೋಗುತ್ತೆ. ಆಗ ಯಾರಿಗೂ ಇಲ್ಲ. ನೀವು ಹೇಳೋ ಒಬ್ಬಳನ್ನ ನೋಡ್ಲಾ, ಎಲ್ಲರನ್ನೂ ನೋಡ್ಲಾ?"

ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಆ ಒಂದು ತಿಂಗಳಲ್ಲಿ ನನಗೆ ಎದುರಾದ ಪ್ರತಿಯೊಬ್ಬರ ಮಾತೂ ಸರಿಯಾಗಿಯೇ ಇತ್ತು. ಡಾಕ್ಟರದೂ ಸರಿ, ಅಧಿಕಾರಿಯದೂ ಸರಿ. ಅವಳ ರಕ್ತ ಮಾತ್ರ ಹರಿಯುತ್ತಲೇ ಇತ್ತು.

ರಸ್ತೆ ದಾಟಿ ಹೋಗಿ ಅವಳಿಗೆ ಹೇಳಿದೆ. ಎಂಟು ತಿಂಗಳು ಎಂದೆ. ಅವಳು ಬೆರಳು ಮಡಿಚಿ ಎಣಿಸಿ, ಆಗಲಿ ಬುಡಿ, ಕಾಯ್ತೀನಿ ಎಂದಳು. ಆಮೇಲೆ ತನ್ನ ನಂಬರು ಎಷ್ಟು ಎಂದು ಕೇಳಿದಳು. ನಲವತ್ತೊಂಬತ್ತು ಎಂದೆ.

ಆ ಎಂಟು ತಿಂಗಳಲ್ಲಿ ಆದಷ್ಟು ಒಂಟಿತನ ನನಗೆ ಅವ್ವ ಸತ್ತಾಗಲೂ ಆಗಿರಲಿಲ್ಲ. ಸಾವಾದಾಗ ಜನ ಬರುತ್ತಾರೆ, ಕೂರುತ್ತಾರೆ. ಈಗ ಬೆಳಿಗ್ಗೆ ಐವತ್ತು ಹೆಂಗಸರು ನನ್ನ ಕಿಟಕಿಗೆ ಬಂದು ಹಾಲು ಸುರಿದು ಮಾತಿಲ್ಲದೆ ಹೋಗುತ್ತಿದ್ದರು. ಮೊದಲು ಜಗಲಿಯ ಮೇಲೆ ಕೂತು ಮಗಳ ಬಸುರಿನಿಂದ ಹಿಡಿದು ನೆರೆಮನೆಯ ಜಗಳದವರೆಗೆ ಎಲ್ಲ ಹೇಳಿಹೋಗುತ್ತಿದ್ದವರು ಅವರೇ. ಆಡಳಿತ ಮಂಡಳಿ ಎಚ್ಚರಿಕೆ ಪತ್ರ ಕೊಟ್ಟು, ಆ ವರ್ಷ ನನಗೆ ಸಿಗಬೇಕಾದ ಸಂಬಳದ ಬಡ್ತಿ ತಡೆಯಿತು. ಹದಿನಾಲ್ಕು ನಂಬರು ಹೆಚ್ಚಾಗಿ ಸಾಲು ಉದ್ದವಾಯಿತು, ವ್ಯಾನಿನವನು ದಿನವೂ ಗೊಣಗುತ್ತಿದ್ದ. ಹೊಸ ನಳಿಕೆ ಕೊಡಿಸಿ ಎಂದು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಏಳೇ ನಳಿಕೆಯಲ್ಲಿ ಅರ್ಧ ಲೀಟರು, ಮುಕ್ಕಾಲು ಲೀಟರುಗಳನ್ನೆಲ್ಲ ಬೇರೆ ಬೇರೆ ಸುತ್ತಿಸಿದೆ. ಯಂತ್ರದ ಹಿಡಿ ತಿರುಗಿಸಿ ತಿರುಗಿಸಿ ಬಲಭುಜ ಮೇಲೆತ್ತಲಾಗದಂತೆ ಆಯಿತು. ಒಮ್ಮೊಮ್ಮೆ ನಗು ಬರುತ್ತಿತ್ತು. ಇದಕ್ಕೆ ಹೆದರಿಯೇ ಅಲ್ಲವೇ ಆರು ವರ್ಷದ ಹಿಂದೆ ಆ ಉಪಾಯ ಮಾಡಿದ್ದು.

ಸೋಮವಾರ ಬಂತೆಂದರೆ ಅವಳು ಹಾಲು ಸುರಿದು, ನಾನು ಕೇಳುವ ಮೊದಲೇ ಕಿಟಕಿಗೆ ಮುಖ ತಂದು ಕೆಳರೆಪ್ಪೆಯನ್ನು ತಾನೇ ಎಳೆದು ಹಿಡಿಯುತ್ತಿದ್ದಳು. ನಾನು ಬಗ್ಗಿ ನೋಡುತ್ತಿದ್ದೆ. ಸ್ವಲ್ಪ ಕೆಂಪಿದ್ದರೆ ತಲೆಯಾಡಿಸುತ್ತಿದ್ದೆ, ಅವಳು ಹೊರಡುತ್ತಿದ್ದಳು. ಹಿಂದೆ ನಿಂತವರು ಇದೇನು ಎಂದು ಕೇಳಲೂ ಇಲ್ಲ. ನಮ್ಮಿಬ್ಬರ ನಡುವೆಯೂ ಅಷ್ಟಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಆದರೂ ವಾರವೆಲ್ಲ ನಾನು ಎದುರು ನೋಡುತ್ತಿದ್ದದ್ದು ಆ ಸೋಮವಾರದ ಕಣ್ಣನ್ನೇ.

ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಬಿಟ್ಟ ಕಾಯಿ ಇಳಿಸಿ ಸುಲಿಯುವ ಕಾಲ ಬಂತು. ಗಂಡನ ಜೊತೆ ಅವಳೂ ಕೊಬ್ಬರಿ ಒಡೆಯಲು ಹೋಗುತ್ತಿದ್ದಳು. ಬೇಡ ಎಂದರೆ ಕೇಳಲಿಲ್ಲ. ಒಂದು ಸೋಮವಾರ ಅವಳು ಬರಲಿಲ್ಲ, ಉಗ್ಗವನ್ನು ಅಜ್ಜಿ ತಂದಳು. ಬೆಳಗಿನ ಜಾವವೇ ಕೆಲಸಕ್ಕೆ ಹೋದವಳು ಚಿಪ್ಪಿನ ರಾಶಿಯ ಮೇಲೆ ಬಿದ್ದಿದ್ದಾಳೆ ಎಂದಳು. ನಾನು ಅಳತೆಯನ್ನು ಅಜ್ಜಿಯ ಕೈಗೆ ಕೊಟ್ಟು ಓಡಿದೆ. ಸುಲಿದ ಮಟ್ಟೆ, ಚಿಪ್ಪು, ಕೊಬ್ಬರಿಯ ವಾಸನೆಯ ನಡುವೆ ಗೋಣಿಚೀಲದ ಮೇಲೆ ಮಲಗಿದ್ದಳು. ರೆಪ್ಪೆ ಎಳೆದು ನೋಡಿದೆ, ಕೆಂಪು ಎನ್ನುವುದು ಹೆಸರಿಗೂ ಇರಲಿಲ್ಲ. ಬಾಡಿಗೆ ಆಟೋದಲ್ಲಿ ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಎಲ್ಲಿಂದಲೋ ಎರಡು ಬಾಟಲಿ ರಕ್ತ ತರಿಸಿ ಏರಿಸಿದರು. ರಕ್ತ ತೊಟ್ಟಿಕ್ಕುವುದನ್ನು ನೋಡುತ್ತಾ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಅವಳ ಮಾತು ಕೇಳಬಾರದಿತ್ತು, ಆ ಸುಳ್ಳನ್ನು ಬರೆದೇ ಬಿಡಬೇಕಿತ್ತು ಅನ್ನಿಸಿತು. ಇವತ್ತಿಗೂ ಕೆಲವು ಸಲ ಹಾಗೇ ಅನ್ನಿಸುತ್ತದೆ. ಬದುಕಿ ಉಳಿದಳು ಎನ್ನುವ ಕಾರಣಕ್ಕೆ ನಾನು ಮಾಡಿದ್ದು ಸರಿಯಾಗಿ ಕಾಣುತ್ತಿದೆ, ಅಷ್ಟೇ.

ಹೌದು, ಬದುಕಿದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ಬೇಡ. ಮುಂದಿನ ವರ್ಷದ ಅರ್ಜಿ ಬಂದ ದಿನವೇ ನಲವತ್ತೊಂಬತ್ತನೇ ನಂಬರಿನ ಅರ್ಜಿ ತುಂಬಿದೆ. ಹದಿನಾಲ್ಕರಲ್ಲಿ ಐದು ಜನ ಮಾತ್ರ ಬರೆಸಿದರು. ಮಿಕ್ಕವರು, ಕಾಯಿಲೆ ಬರದಿದ್ದರೆ ಕಟ್ಟಿದ್ದು ದಂಡ ಎಂದು ಸುಮ್ಮನಾದರು. ಅವಳ ಫೋಟೋ ಅದೇ ಹಳೆಯದು, ಸೆರಗಿನ ಗಂಟಿನ ಗುರುತು ಮೂಲೆಯಲ್ಲಿ ಮಡಿಕೆಯಾಗಿ ಉಳಿದಿತ್ತು. ಕಾರ್ಡು ಕೈಗೆ ಬಂದ ವಾರದಲ್ಲಿ ನಾನು, ಅವಳು, ಅವಳ ಗಂಡ ತುಮಕೂರಿಗೆ ಬಸ್ಸು ಹತ್ತಿದೆವು. ಡಾಕ್ಟರು ಪಟ್ಟಿಯಲ್ಲಿದ್ದ ಒಂದು ಆಸ್ಪತ್ರೆಗೆ ಚೀಟಿ ಕೊಟ್ಟಿದ್ದರು. ಕೊಡುವಾಗಲೂ ಗೊಣಗಿದ್ದರು.

ಆಸ್ಪತ್ರೆಯವರು ಕಾರ್ಡು ಇಸಿದುಕೊಂಡು, ಫ್ಯಾಕ್ಸಿನಲ್ಲಿ ಅನುಮತಿ ಬರಬೇಕು, ಕೂತಿರಿ ಎಂದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆವು. ಅವಳ ಗಂಡ, ದಿನಕ್ಕೆ ಸಾವಿರ ಕಾಯಿ ಸುಲಿಯುವ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದ. ಎರಡು ಗಂಟೆಯ ಹೊತ್ತಿಗೆ ಒಳಗಿನಿಂದ ಒಬ್ಬ ಹುಡುಗಿ ಬಂದು ಕೂಗಿದಳು.

"ಲಕ್ಕಮ್ಮ. ಲಕ್ಕಮ್ಮ ಯಾರು?"

ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದಳು. ಅರ್ಜಿಯಲ್ಲಿ ಆ ಹೆಸರನ್ನು ನಾನೇ ಬರೆದಿದ್ದೆ, ಆದರೂ ನನಗೂ ತಟ್ಟನೆ ಹೊಳೆಯಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಹೆಸರು ಹಿಡಿದು ಅವಳನ್ನು ಯಾರೂ ಕರೆದಿರಲಿಲ್ಲವಂತೆ. ಮೂರನೆಯ ಸಲಕ್ಕೆ ಅವಳೇ ಬೆಚ್ಚಿದಂತೆ ಎದ್ದಳು.

"ನಾನು," ಎಂದಳು. "ನಾನೇ."

ಒಪ್ಪಿಗೆ ಪತ್ರಕ್ಕೆ ಗಂಡನ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಂಗಸರ ವಾರ್ಡಿನಲ್ಲಿ ಜೊತೆಗಿರಲು ಹೆಂಗಸೇ ಬೇಕು, ಹತ್ತಿರದ ಸಂಬಂಧಿಯಾಗಿರಬೇಕು ಎಂದರು. ಪಾಸು ಬರೆಯುವ ಗುಮಾಸ್ತ ನನ್ನ ಕಡೆ ತಿರುಗಿ, ನೀವು ಏನಾಗಬೇಕು ಎಂದು ಕೇಳಿದ. ನಾನು ಡೈರಿ ಸೆಕ್ರೆಟರಿ ಎಂದೆ. ಅವನು ಪೆನ್ನು ಎತ್ತಿ ಹಿಡಿದು, ಸಂಬಂಧಿಕರು ಯಾರೂ ಬಂದಿಲ್ಲವಾ ಎಂದ. ಪಕ್ಕಕ್ಕೆ ಸರಿದು ನಿಂತೆ.

ಅಷ್ಟರಲ್ಲಿ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ತಳ್ಳುಗಾಡಿಯ ಮೇಲೆ ಮಲಗಿದ್ದ ಅವಳು ತಲೆಯೆತ್ತಿದಳು.

"ನಮ್ಮಕ್ಕ. ಬರ್ಕಳಿ."

"ಒಡಹುಟ್ಟಿದ ಅಕ್ಕನಾ?"

"ಊಂ, ಒಡಹುಟ್ಟಿದೋಳು."

ಇನ್ನೊಬ್ಬಳ ಹೆಸರಿನಲ್ಲಿ ಬದುಕಲು ಒಪ್ಪದೆ ಎಂಟು ತಿಂಗಳು ರಕ್ತ ಸುರಿಸಿದವಳು, ರೆಪ್ಪೆ ಮಿಟುಕಿಸದೆ ಹೇಳಿದಳು. ಗುಮಾಸ್ತ ಬರೆದುಕೊಂಡು ಪಾಸನ್ನು ನನ್ನ ಕೈಗೆ ಕೊಟ್ಟ. ಅದರಲ್ಲಿ ನನ್ನ ಹೆಸರಿತ್ತು, ಸಂಬಂಧ ಎಂಬ ಜಾಗದಲ್ಲಿ ಅಕ್ಕ ಎಂದಿತ್ತು. ನಾನು ಅದನ್ನು ತಿದ್ದಿಸಲಿಲ್ಲ.